ಚೊಂಬಕ್ಕನ ನೀರಿನ ಪರೀಕ್ಷೆ

ಬೆಳಗಿನ ಆರು ಗಂಟೆ. ಕಾರ್ಖಾನೆಯ ಸ್ಟೋರ್ ಕೋಣೆಯಲ್ಲಿ ತಂತಿಗೆ ನೇತುಹಾಕಿದ ಇನ್ನೂರ ಹನ್ನೆರಡು ಕನ್ನಡಕಗಳ ಮೂಲಕ ಎಳೆಬಿಸಿಲು ತೂರಿ ಬರುತ್ತಿದೆ. ನೆಲದ ಮೇಲೆ ಹಳದಿ, ಹಸಿರು ಬೆಳಕಿನ ಮಡುಗಳು ಮೆಲ್ಲಗೆ ಅಲುಗುತ್ತಿವೆ. ನಡುವೆ ಓಡಾಡುತ್ತಾ ಒಂದೊಂದನ್ನೇ ಇಳಿಸಿ ಒರೆಸುತ್ತಿರುವಾಕೆ ನೀರೊಳಗೆ ನಡೆಯುತ್ತಿದ್ದಾರೇನೋ ಅನ್ನಿಸುತ್ತದೆ. ಇವರ ಬಗ್ಗೆ ಬರೆಯಲೆಂದೇ ಬಂದಿದ್ದರೂ, ಮಾತಾಡಿಸಿ ಆ ಬೆಳಕನ್ನು ಕದಡಲು ನನಗೆ ಮನಸ್ಸೇ ಬರುವುದಿಲ್ಲ.

ಕೆಲಸಗಾರರಿಗೆ ಮುಖ, ಕಣ್ಣಿನ ರಕ್ಷಣೆಯ ಸಾಮಾನು ಆರಿಸಿ ಕೊಡುವ ಇವರನ್ನು ಎಲ್ಲರೂ ಕರೆಯುವುದು ಚೊಂಬಕ್ಕ ಎಂದೇ. ಆ್ಯಸಿಡ್ ವಿಭಾಗಕ್ಕೆ ಹೊಸಬರು ಯಾರೇ ಬರಲಿ, ಕನ್ನಡಕ ಹಾಕಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಹಣೆಯ ಮೇಲೆ ಒಂದು ಚೊಂಬು ನೀರು ಸುರಿಯುತ್ತಾರೆ. ಒಂದು ಹನಿ ಒಳಗಿಳಿದರೂ ಆ ಕನ್ನಡಕ ಆ ಮುಖಕ್ಕಲ್ಲ.

“ಮ್ಯಾನೇಜರ್‌ಗೂ ಬಿಟ್ಟಿಲ್ಲ. ಟೈ ಒದ್ದೆ ಆಯ್ತು ಅಂತ ಒಂದು ವಾರ ಮುಖ ಊದಿಸ್ಕೊಂಡಿದ್ರು,” ಎಂದು ನಗುತ್ತಾರೆ.

ಹದಿನೆಂಟು ವರ್ಷದ ಹಿಂದೆ ಇವರು ಇಲ್ಲೇ ಲೋಹ ಉಜ್ಜುವ ಗ್ರೈಂಡಿಂಗ್ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಮುಖ ಪೂರ್ತಿ ಮುಚ್ಚುವ ಶೀಲ್ಡ್ ಇದೆಯಲ್ಲ, ಒಳಗೆ ಮತ್ತೆ ಕನ್ನಡಕ ಯಾಕೆ ಅಂದುಕೊಂಡಿದ್ದರಂತೆ. ಒಂದು ದಿನ ಕೆಲಸ ಮುಗಿಯಿತೆಂದು ಶೀಲ್ಡ್ ಎತ್ತಿದರು. ಚಕ್ರ ಇನ್ನೂ ತಿರುಗುತ್ತಿತ್ತು. ಸಿಡಿದ ಚೂರಿಗೆ ಎಡಗಣ್ಣು ಅವತ್ತೇ ಹೋಯಿತು.

“ಕನಸಲ್ಲಿ ಮಾತ್ರ ಈಗ್ಲೂ ಎರಡೂ ಕಣ್ಣು ಕಾಣ್ತವೆ. ಎಚ್ಚರ ಆದ್ರೆ ಒಂದು ಕಡೆ ಯಾರೋ ಪರದೆ ಎಳೆದಿರ್ತಾರೆ,” ಎನ್ನುತ್ತಾರೆ.

ಇವತ್ತು ಒಂದೊಂದು ಕನ್ನಡಕವನ್ನೂ ಎರಡೆರಡು ಸಲ ಒರೆಸುತ್ತಿದ್ದಾರೆ. ಇರುವ ಒಬ್ಬಳೇ ಮಗಳು ಆ್ಯಸಿಡ್ ತೊಟ್ಟಿಯ ಕೆಲಸಕ್ಕೆ ಸೇರುವ ದಿನ. ಬಂದವಳೇ, ಸುತ್ತ ತೂತುಗಳಿರುವ ಹಗುರ ಕನ್ನಡಕ ಎತ್ತಿಕೊಳ್ಳುತ್ತಾಳೆ.

“ಅದು ಧೂಳಿನ ಕೆಲಸಕ್ಕೆ ಕಣೇ.”

“ಇದ್ರಲ್ಲಿ ಗಾಳಿ ಆಡುತ್ತಮ್ಮ. ಆ ಬಿಗಿ ಇರೋದಕ್ಕೆ ಮಂಜು ಕವಿಯುತ್ತೆ.”

“ತಲೆ ಬಾಗ್ಸು.”

ನೀರು ತೂತುಗಳಿಂದ ನೇರ ಕಣ್ಣಿಗೆ ನುಗ್ಗುತ್ತದೆ. ಮಗಳು ಚೀರಿ ಕನ್ನಡಕ ಕಿತ್ತು ಕಣ್ಣುಜ್ಜಿಕೊಳ್ಳುತ್ತಾಳೆ. “ಇದು ಬರೀ ನೀರು, ಮಗಳೇ,” ಎನ್ನುತ್ತಾ ತಾಯಿ ತಂತಿಯಿಂದ ಇನ್ನೊಂದು ಕನ್ನಡಕ ಇಳಿಸುತ್ತಾರೆ.

ಎರಡನೆಯದು ಮಗಳ ತೆಳು ಮೂಗಿಗೆ ಕೂರುವುದಿಲ್ಲ. ಒಂದು ಹನಿ ಇಳಿಯುತ್ತದೆ. ಮೂರನೆಯದಕ್ಕೆ ಮೆತ್ತನೆ ರಬ್ಬರ್ ಅಂಚು, ತೂತುಗಳಿಗೆ ಮುಚ್ಚಳ. ಚೊಂಬು ಪೂರ್ತಿ ಬರಿದಾದರೂ ಒಳಗೆ ಒಣಗಿಯೇ ಇದೆ.

“ಇನ್ನೊಂದ್ಸಲ ಸುರಿಯಮ್ಮ,” ಎಂದು ಈಗ ಮಗಳೇ ತಲೆ ಬಾಗಿಸುತ್ತಾಳೆ.

ಆಮೇಲೆ ಕನ್ನಡಕದ ಮೇಲೆ ಶೀಲ್ಡ್. ಮಗಳು ಬಾಗಿಲು ದಾಟಿ ಮರೆಯಾಗುವವರೆಗೂ ಚೊಂಬಕ್ಕ ನೋಡುತ್ತಲೇ ನಿಲ್ಲುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

“ಮುದುಕಿ ಆದ್ಮೇಲೆ ಅವಳು ಸೂಜಿಗೆ ದಾರ ಪೋಣಿಸೋಕಾಗ್ದೆ ಗೊಣಗ್ಬೇಕು,” ಎನ್ನುತ್ತಾರೆ. “ಅವಳ ಕಣ್ಣು ಮಂಜಾಗೋದಾದ್ರೆ ವಯಸ್ಸಾಗಿ ಆಗ್ಲಿ.”