ಕೆಳಮನೆಯ ಅಜ್ಜ ಕೇಳಬೇಕಿದ್ದ ಪಿಟೀಲು

ಮೊನ್ನೆ ಮಗಳ ಪಿಟೀಲಿನ ಪೆಟ್ಟಿಗೆ ತೆರೆದಾಗ ಕಮಾನಿಗೆ ಉಜ್ಜುವ ರಾಳದ ವಾಸನೆ ಮೂಗಿಗೆ ಬಡಿಯಿತು. ಡಚ್ಚರ ಊರು ಟಿಲ್‌ಬರ್ಗಿನ ನಮ್ಮ ಹಳೇ ಫ್ಲ್ಯಾಟಿನ ಕೆಳಮನೆಯ ಅಜ್ಜ ನೆನಪಾದರು. ಅವರ ಮನೆ ಬಾಗಿಲಲ್ಲಿ ಇದೇ ವಾಸನೆ ಇರುತ್ತಿತ್ತು. ಬಾಗಿಲ ಪಕ್ಕವೇ ಅವರ ತಂದೆಯ ಪಿಟೀಲಿನ ಪೆಟ್ಟಿಗೆ ಇತ್ತು.

ಅದು ಕೊರೊನಾ ಕಾಲದ ಚಳಿಗಾಲ. ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂಬ ನಿಯಮ. ನಾನು ಆಫೀಸಿನ ಕರೆಗಳ ನಡುವೆ ಅಡುಗೆಮನೆಗೂ ಕಿಟಕಿಗೂ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಹೆಜ್ಜೆ ಸದ್ದು ತಾಳಲಾರದೆ ಅಜ್ಜ ಬೈಯಲೆಂದು ಫೋನ್ ಮಾಡಿದರು. ಆಮೇಲೆ ಹರಟಲೆಂದು ದಿನಾ ಮಾಡತೊಡಗಿದರು.

ಅವರ ತಂದೆ ಬರ್ಲಿನ್ನಿನಲ್ಲಿ ಪಿಟೀಲು ನುಡಿಸುತ್ತಿದ್ದರಂತೆ. ಜರ್ಮನರು ಮಾತಾಡುವ ಸಿನಿಮಾ ತೆಗೆಯಲು ಶುರು ಮಾಡಿದ ಹೊಸತರಲ್ಲಿ ಹೆಸರಾಂತ ಪಿಟೀಲುಗಾರನೊಬ್ಬನ ಕಥೆ ಚಿತ್ರವಾಯಿತು. ಮುಖ ನಟನದು, ನಾದ ಇವರ ತಂದೆಯದು. ಅಜ್ಜ ಕೂಸಾಗಿದ್ದಾಗಲೇ ತಂದೆ ತೀರಿಕೊಂಡಿದ್ದರು. ಆ ನಾದ ಒಮ್ಮೆ ಕೇಳಬೇಕು... ಅಷ್ಟೇ ಅವರ ಆಸೆ. ಕಣ್ಣು ಆಗಲೇ ಮಂಜಾಗಿತ್ತು.

ಅಂತರ್ಜಾಲದಲ್ಲಿ ಹುಡುಕಿದೆ. ಗೀರು ಬಿದ್ದ ಪ್ರತಿಯೊಂದು ಸಿಕ್ಕಿತು. ಗುರುವಾರ ಬರುತ್ತೇನೆ ಎಂದುಬಿಟ್ಟೆ. ನಮ್ಮ ಮೈಸೂರಿನಲ್ಲಿ ಇಂಥ ಮಾತು ನಂಬಿ ಯಾರೂ ಕಾಫಿಗೆ ನೀರಿಡುವುದಿಲ್ಲ. ಡಚ್ಚರು ಹಾಗಲ್ಲ. ಅಜ್ಜ ದಪ್ಪ ಪೆನ್ನಿನಲ್ಲಿ ಡೈರಿಯಲ್ಲಿ ಬರೆದುಕೊಂಡರು. ಶುಕ್ರವಾರ ಫೋನ್ ಬಂತು.

"ನೀವು ಬರಲಿಲ್ಲ. ಎರಡು ಕಪ್ ಇಟ್ಟಿದ್ದೆ."

ಸಿಟ್ಟಿರಲಿಲ್ಲ, ಅದೇ ನನ್ನನ್ನು ಚುಚ್ಚಿತು. ಇನ್ನೂ ಒಳ್ಳೆಯ ಪ್ರತಿ ಹುಡುಕಿ, ನಮ್ಮ ದೊಡ್ಡ ಟಿವಿಯನ್ನೇ ಕೆಳಗೆ ಹೊತ್ತೊಯ್ದು ತೋರಿಸುವ ಹಟಕ್ಕೆ ಬಿದ್ದೆ. ಹೆಂಡತಿ ತಲೆ ಚಚ್ಚಿಕೊಂಡಳು.

"ರೀ, ಅವ್ರಿಗೆ ಕಣ್ಣೇ ಕಾಣ್ಸಲ್ಲ. ಫೋನಲ್ಲೇ ಕೇಳಿಸ್ಬಿಡಿ, ಪಾಪ."

"ಮಾಡಿದ್ರೆ ನೆಟ್ಟಗೆ ಮಾಡ್ಬೇಕು ಕಣೇ," ಎಂದೆ.

ಮುಂದಿನ ಗುರುವಾರ ನನಗೆ ಕೆಮ್ಮು. ಅದರಾಚೆ ಗುರುವಾರ ಆಫೀಸಿನ ಗಡಿಬಿಡಿ. ಆಮೇಲೊಂದು ಬೆಳಿಗ್ಗೆ ಆಂಬುಲೆನ್ಸ್ ಬಂತು. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೊನೆಯ ದಿನಗಳಲ್ಲಿ ನರ್ಸ್ ಅವರ ಕಿವಿಗೆ ಫೋನ್ ಹಿಡಿಯುತ್ತಿದ್ದರಂತೆ. ದೂರದ ಗ್ರೋನಿಂಗನ್ನಿನಲ್ಲಿದ್ದ ಅಜ್ಜನ ಮಗಳು ಹಾಗೇ ಮಾತಾಡಿದಳಂತೆ. ಮನೆ ಖಾಲಿ ಮಾಡಲು ಬಂದಾಗ ಅವಳೇ ಹೇಳಿದಳು.

ಈಗ ನಾವಿರುವುದು ಆಮ್ಸ್ಟರ್‌ಡ್ಯಾಮಿನಲ್ಲಿ. ಮೊನ್ನೆ ಮಗಳು ಕ್ಲಾಸಿಗೆ ಹೋದ ಮೇಲೆ ಆ ಚಿತ್ರ ಹಾಕಿದೆ. ಒಳ್ಳೆಯ ಪ್ರತಿ ಇವತ್ತಿಗೂ ಸಿಕ್ಕಿಲ್ಲ. ಮುಖಗಳು ಕಾಣುವುದು ಅಷ್ಟಕ್ಕಷ್ಟೇ, ಪಿಟೀಲು ಮಾತ್ರ ಸ್ವಚ್ಛವಾಗಿ ಕೇಳುತ್ತದೆ. ಇಡೀ ಚಿತ್ರದಲ್ಲಿ ಅದು ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷ ಆಗಲೂ ನನ್ನ ಬಳಿ ಇತ್ತು. ಅವರ ನಂಬರೂ ಇತ್ತು.