ಪಾತ್ರೆ ಕಲ್ಲಿನ ಮೇಲೆ ಪಿಜ್ಜಾ

ಪಿಜ್ಜಾ ಸುಡುವುದಕ್ಕೆ ಕಲ್ಲು ಬೇಕು ಎಂಬ ತತ್ತ್ವವನ್ನು ನಮ್ಮ ವಂಶದಲ್ಲಿ ಮೊಟ್ಟಮೊದಲು ಅರಿತವನು ನಾನು. ಆ ಅರಿವು ನನ್ನ ಮುಕ್ಕಾಲು ಅಡಿ ನೆಲವನ್ನು ತಿಂದುಹಾಕಿತು. ಪಿಜ್ಜಾ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ಚೆನ್ನಾಗಿದ್ದದ್ದು ಅದೊಂದೇ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮ ಅಪ್ಪ ರಾಗಿ ಒಕ್ಕುತ್ತಿದ್ದ ಕಣದಲ್ಲಿ, ಎರಡು ಮನೆಗಳಿವೆ. ಎಡಗಡೆಯದು ನನ್ನದು, ಬಲಗಡೆಯದು ಅಣ್ಣನದು. ನಡುವೆ ಹಿತ್ತಲಿಗೆ ಹೋಗುವ ಓಣಿ. ಭಾಗವಾದಾಗ ಊರ ಹಿರಿಯರು ಕೂತು, ಓಣಿಯಲ್ಲಿ ನನ್ನದೆಷ್ಟು ಅವನದೆಷ್ಟು ಎಂದು ಅಳೆದು, ಗಡಿಯ ಮೇಲೆ ಒಂದು ಚಪ್ಪಡಿ ಹೂಳಿಸಿ, ಅದರ ಮೈಮೇಲೆ ಉಳಿಯಿಂದ ಕೂಡಿಸುವ ಗುರುತು ಹೊಡೆಸಿದರು. ಭಾಗ ಮಾಡುವುದಕ್ಕೆ ಕೂಡಿಸುವ ಗುರುತು ಯಾಕೆ ಎಂದು ಯಾರೂ ಕೇಳಲಿಲ್ಲ. ಹಿರಿಯರ ಗಣಿತವನ್ನು ಪ್ರಶ್ನಿಸುವ ಪದ್ಧತಿ ನಮ್ಮಲ್ಲಿಲ್ಲ.

ಆ ಕಲ್ಲು ಕಾಣೆಯಾಯಿತು. ಅಣ್ಣ ಕಕ್ಕಸಿನ ಪೈಪು ಹಾಕಿಸಲು ಓಣಿ ಅಗೆಸಿದ ವಾರ ನಾನು ಕಾರ್ಖಾನೆಯಲ್ಲಿ ಡಬಲ್ ಶಿಫ್ಟ್ ಮಾಡುತ್ತಿದ್ದೆ. ಬಂದು ನೋಡುವಾಗ ಗುಂಡಿ ಮುಚ್ಚಿತ್ತು, ಕಲ್ಲಿರಲಿಲ್ಲ. ಅಣ್ಣನನ್ನು ಕೇಳಿದರೆ, “ಮಣ್ಣಿನ ಜೊತೆ ಮೇಲಕ್ಕೆ ಬಂತು, ಯಾರೋ ಎತ್ಕೊಂಡು ಹೋದ್ರು” ಎಂದ. ಕಲ್ಲಿಗೇನು ಕಾಲು ಬಂತೇ? ಅಂದಿನಿಂದ ನಾನು ಅವನನ್ನು ಕಲ್ಲುಗಳ್ಳ ಎಂದು ಕರೆದೆ. ಬೆನ್ನ ಹಿಂದೆ ಕರೆಯುವಷ್ಟು ಸಣ್ಣ ಮನುಷ್ಯ ನಾನಲ್ಲ. ಟೀ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ನೆಂಟರೊಬ್ಬರ ಹನ್ನೊಂದನೇ ದಿನದ ತಿಥಿಯಲ್ಲೂ ಎಲ್ಲರ ಮುಂದೆಯೇ ಕರೆದೆ. ಹೀಗೆ ಎಂಟು ವರ್ಷ ನಡೆಯಿತು. ಅಷ್ಟು ವರ್ಷವೂ ಅವನು ನನ್ನೊಡನೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಆಡಬೇಕಾದದ್ದನ್ನು ತನ್ನ ಹೆಂಡತಿಗೋ ನಾಯಿಗೋ ಹೇಳುತ್ತಿದ್ದ, ನನಗೆ ಕೇಳಿಸುವ ಹಾಗೆ.

ಆಮೇಲೆ ಅವನಿಗೆ ಓಣಿಯ ಮಧ್ಯೆ ಗೋಡೆ ಕಟ್ಟುವ ಮನಸ್ಸಾಯಿತು. ಹಿಂದೆ ಮೇಕೆ ಕಟ್ಟುತ್ತಿದ್ದ ಒಂದು ನಟ್ಟ ಕಲ್ಲು ಓಣಿಯಲ್ಲಿತ್ತು. ಹಿರಿಯರು ಚಪ್ಪಡಿ ಹೂಳಿಸಿದ್ದು ಅದರ ನೇರಕ್ಕೇ ಎಂದು ಹೊಸ ವಾದ ಹೂಡಿದ. ಹಾಗಾದರೆ ನನ್ನ ಪಾಲಿನ ಮೂರು ಅಡಿ, ಎರಡೂಕಾಲು ಅಡಿಗೆ ಇಳಿಯುತ್ತಿತ್ತು. ನನ್ನ ಸ್ಕೂಟರಿನ ಹ್ಯಾಂಡಲ್ಲು ಅದಕ್ಕಿಂತ ಅಗಲ. ಮನೆಯ ಮುಂದೆ ಮೋರಿ ಮತ್ತು ತರಕಾರಿ ಗಾಡಿಗಳು. ಸ್ಕೂಟರು ಹಿತ್ತಲಲ್ಲೇ ನಿಲ್ಲಬೇಕು. ಓಣಿ ಹೋದರೆ ಸ್ಕೂಟರು ಹೋಗುತ್ತದೆ, ಅಣ್ಣನ ಮುಂದೆ ಮಾನವೂ ಹೋಗುತ್ತದೆ. ಸ್ಕೂಟರನ್ನಾದರೂ ಮಾರಬಹುದು.

ಕಲ್ಲು ಹೂಳಿಸಿದ ಹಿರಿಯರಲ್ಲಿ ಆಗ ಬದುಕಿದ್ದವರು ಗರುಡಾಚಾರ್‌ಪಾಳ್ಯದ ನಮ್ಮ ಸೋದರಮಾವ ಒಬ್ಬರೇ. ಅವರು ಹೇಳಿದ್ದಕ್ಕೆ ಇಬ್ಬರೂ ತಲೆಬಾಗಬೇಕು ಎಂದು ಒಪ್ಪಂದವಾಯಿತು. ಮಾವ ಷರತ್ತು ಹಾಕಿದರು: “ಭಾನುವಾರ ಬತ್ತೀನಿ. ನಾನ್ ಹೇಳಿದ್ದೇ ಗೆರೆ. ಮಧ್ಯಾಹ್ನ ಇಬ್ರ ಮನೇಲೂ ಉಣ್ತೀನಿ. ಒಬ್ಬನ ಮನೇಲಿ ಉಂಡ್ರೆ ಇನ್ನೊಬ್ಬ ಲಂಚ ತಿಂದ ಅಂತಾನೆ.”

ಶನಿವಾರ ಬೆಳಗ್ಗೆಯೇ ಅಣ್ಣನ ಮನೆಯಲ್ಲಿ ನಾಟಿ ಕೋಳಿ ಕೂಗಿತು. ಕೋಳಿಸಾರು, ಮುದ್ದೆ ಎಂಬುದು ನಮಗೆ ಖಚಿತವಾಯಿತು.

ನನ್ನ ಹೆಂಡತಿ ಆ ಹೊತ್ತಿಗಾಗಲೇ ವ್ಯೂಹ ರಚಿಸಿದ್ದಳು. “ಮಾವಂಗೆ ಹಲ್ಲಿಲ್ಲ ರೀ. ಮುದ್ದೆ ನುಂಗ್ತಾರೆ, ಸರಿ. ಆ ನಾಟಿ ಕೋಳೀನ ಏನ್ ಮಾಡ್ತಾರೆ, ನೆಕ್ತಾರಾ? ಮೊಮ್ಮಗಳ ಬರ್ತ್‌ಡೇಲಿ ಪಿಜ್ಜಾ ತಿಂದು, ಇನ್ನೊಂದ್ ಚೂರು ಕೊಡವ್ವಾ ಅಂತ ಕೇಳಿ ಇಸ್ಕೊಂಡ್ರಂತೆ. ನಾವು ಪಿಜ್ಜಾ ಮಾಡೋಣ.”

ಒಲೆ ಆಗಲೇ ಇತ್ತು. ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದ ಮೇಲೆ, ಕೈ ಸುಮ್ಮನಿರದೆ, ಎಣ್ಣೆ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ಕೆಳಗಿನ ಅರ್ಧಕ್ಕೆ ಜಾಲರಿ ಕೂರಿಸಿದ್ದೆ. ಮೇಲಿನ ಅರ್ಧ ತಿರುಗಣೆಯ ಮೇಲೆ ಮುಚ್ಚಳವಾಗಿ ತೆರೆಯುತ್ತಿತ್ತು. ಗಾಳಿಗೆ ಉರುಳಬಾರದೆಂದು ಕಾಲುಗಳನ್ನು ಅಗಲವಾಗಿ ಚಾಚಿ ಬೆಸುಗೆ ಹಾಕಿದ್ದೆ. ಫೋರ್‌ಮನ್ ಆಗಿದ್ದವನ ಕೆಲಸ, ಬಿಗಿಯಲ್ಲಿ ಕೊರತೆಯಿಲ್ಲ. ಅದರಲ್ಲಿ ಅದುವರೆಗೆ ಬದನೆಕಾಯಿ, ಜೋಳದ ತೆನೆ ಇವಿಷ್ಟೇ ಬೆಂದಿದ್ದವು.

ಹಿಟ್ಟನ್ನು ಬರಿಯ ಜಾಲರಿಯ ಮೇಲೆ ಹಾಕಿದರೆ ಸಂದಿಯಿಂದ ಇಳಿದು ಬೂದಿಯಾಗುತ್ತದೆ ಎಂದು ಪತ್ರಿಕೆಯಿಂದ ಹೆಂಡತಿ ಕತ್ತರಿಸಿಟ್ಟಿದ್ದ ಚೀಟಿ ಹೇಳುತ್ತಿತ್ತು. ಜಾಲರಿಯ ಮೇಲೆ ಸಪಾಟಾದ ಕಲ್ಲಿಟ್ಟು, ಅದು ಚೆನ್ನಾಗಿ ಕಾದ ಮೇಲೆ ಹಿಟ್ಟು ಜಾರಿಸಬೇಕು. ಅಡುಗೆಮನೆ ಕಟ್ಟಿದಾಗ ಉಳಿದಿದ್ದ ಕಡಪ ಕಲ್ಲಿನ ತುಂಡಿಟ್ಟು, ಕೆಳಗೆ ಸೌದೆ ಉರಿಸಿ ಪರೀಕ್ಷೆ ಮಾಡಿದೆ. ಕಾಲು ಗಂಟೆಯಲ್ಲಿ ಅದು ಢಮ್ಮೆಂದು ಸಿಡಿದು ಮುಚ್ಚಳಕ್ಕೆ ಬಡಿಯಿತು.

ಆಚೆ ಕಡೆಯಿಂದ ಅಣ್ಣನ ದನಿ ನಾಯಿಯನ್ನು ಉದ್ದೇಶಿಸಿ ಬಂತು. “ಹೆದರ್ಬೇಡ ಕಣ್ಲಾ. ಮಾವ ಬರೋಕೆ ಮುಂಚೆನೇ ಪಟಾಕಿ ಹೊಡೀತಾವ್ರೆ.”

ಅತ್ತಿಗೆ ನಕ್ಕರು. ನಾಯಿ ನಗಲಿಲ್ಲ, ಆ ಮನೆಯಲ್ಲಿ ಮರ್ಯಾದೆ ಇದ್ದದ್ದು ಅದಕ್ಕೊಂದಕ್ಕೆ.

“ಪಾತ್ರೆ ತೊಳಿಯೋ ಕಲ್ಲು ಇದೆಯಲ್ರೀ” ಎಂದಳು ಹೆಂಡತಿ. “ಅದು ಗಟ್ಟಿ ಕಲ್ಲು. ಸಿಡಿಯಲ್ಲ.”

ಹಿತ್ತಲ ನಲ್ಲಿಯ ಕೆಳಗೆ ವರ್ಷಾನುಗಟ್ಟಲೆಯಿಂದ ಬಿದ್ದಿದ್ದ ಕಲ್ಲು. ಮೇಲ್ಮೈಗೆ ಸೋಪು, ಜಿಡ್ಡು, ಪಾಚಿ ಹತ್ತಿದ್ದರಿಂದ ಮಗುಚಿ ಹಾಕಿ ಕೆಳಗಿನ ಮೈಯನ್ನು ತೆಂಗಿನ ನಾರಿನಿಂದ ಉಜ್ಜಿದೆ. ಒಂದು ಕಡೆ ಬೆರಳಿಗೆ ಏನೋ ಗೀರು ಸಿಕ್ಕಿತು. ಕನ್ನಡಕ ಒಳಗಿತ್ತು. ಮೂವತ್ತು ವರ್ಷ ಲೋಹದ ತುಂಡುಗಳನ್ನು ಪರೀಕ್ಷಿಸಿದ ಬೆರಳು ತೀರ್ಪು ಕೊಟ್ಟಿತು: ಸಣ್ಣ ದೋಷ, ನಡೆಯುತ್ತದೆ, ಪಾಸ್.

ಶನಿವಾರ ಮಧ್ಯಾಹ್ನ ಶಿವಾಜಿನಗರಕ್ಕೆ ಹೋಗಿ ಇದ್ದಿಲು ತಂದೆ. ಅಂಗಡಿಯವನು, “ಕಬಾಬ್ ಹಾಕ್ತೀರಾ ಸಾಬ್?” ಎಂದು ಕೇಳಿದ. ಪಿಜ್ಜಾ ಎಂದೆ. ಅವನು ನನ್ನನ್ನು ನೋಡಿದ, ಚೀಲವನ್ನು ನೋಡಿದ, ಎರಡು ಹಿಡಿ ಹೆಚ್ಚಿಗೆ ತುಂಬಿದ. ಬರುವಾಗ ಲಿಂಗರಾಜಪುರದ ಬೇಕರಿಯಲ್ಲಿ ಯೀಸ್ಟು, ಇಂದಿರಾನಗರದಲ್ಲಿ ಚೀಸು. ಹಲ್ಲಿಲ್ಲದ ಮುದುಕರೊಬ್ಬರನ್ನು ಒಲಿಸಿಕೊಳ್ಳಲು ನಾನು ಅಷ್ಟು ಊರು ಸುತ್ತಿದೆ.

ಭಾನುವಾರ ಮಾವ ಬಂದರು. ಓಣಿಯ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಎರಡು ಕಾಲು ಅಣ್ಣನ ಕಡೆಗೂ ಎರಡು ಕಾಲು ನನ್ನ ಕಡೆಗೂ ಬರುವಂತೆ ಕುರ್ಚಿಯನ್ನು ತಾವೇ ಸರಿಪಡಿಸಿದರು. ಆಮೇಲೆ ಹಿರಿಯ ಮಗನ ಮನೆ ಮೊದಲು ಎಂದು ಎದ್ದು ಅಣ್ಣನ ಮನೆಗೆ ಉಣ್ಣಲು ಹೋದರು. ಆ ಹೊತ್ತಿನಲ್ಲಿ ನಾನು ಇದ್ದಿಲು ಹೊತ್ತಿಸಿದೆ. ಗಾಳಿ ನನ್ನಿಂದ ಅವನ ಕಡೆಗೆ ಬೀಸುತ್ತಿತ್ತು. ಗಾಳಿಯನ್ನು ನಾನು ತರಿಸಿರಲಿಲ್ಲ, ಆದರೆ ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ಕಿಟಕಿಯಿಂದ ಮಾವನ ಕೆಮ್ಮು, ಅದರ ಹಿಂದೆಯೇ ಅಣ್ಣನ ದನಿ ಕೇಳಿಸಿತು. “ಉಣ್ಣು ಮಾವ. ಅವ್ನಿಗೆ ನಾವು ಉಣ್ಣೋದು ಕಂಡ್ರೆ ಆಗಲ್ಲ.”

ಹಿಟ್ಟು ಬೆಳಗ್ಗೆಯಿಂದ ಒದ್ದೆ ಬಟ್ಟೆಯ ಕೆಳಗೆ ಉಬ್ಬಿ ಎರಡರಷ್ಟಾಗಿತ್ತು. ಹೆಂಡತಿ ಅದನ್ನು ಲಟ್ಟಿಸಿ, ಮೊರವನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ರಾಗಿ ಹಿಟ್ಟು ಉದುರಿಸಿ, ಅದರ ಮೇಲೆ ಹರಡಿದಳು. ರಾಗಿ ಹಿಟ್ಟಿದ್ದರೆ ಜಾರುತ್ತದೆ ಎಂಬುದು ಅವಳದೇ ಸಂಶೋಧನೆ. ಮೇಲೆ ಬೆಳ್ಳುಳ್ಳಿ ಹಾಕಿ ಕುದಿಸಿದ ಟೊಮ್ಯಾಟೊ ಗೊಜ್ಜು, ಈರುಳ್ಳಿ, ಚೀಸು. ಕಾದ ಕಲ್ಲಿಗೆ ನಾನು ಒಂದು ಹಿಡಿ ಮೈದಾ ಎರಚಿ ಸೌಟಿನ ಬೆನ್ನಿನಿಂದ ಸವರಿದೆ. ಗೀರಿದ್ದ ಜಾಗಕ್ಕೆ ಸ್ವಲ್ಪ ಹೆಚ್ಚಾಗಿಯೇ ತುಂಬಿದೆ. ಮೊರ ಒದರಿದೆವು. ಪಿಜ್ಜಾ ಒಂದೇ ಏಟಿಗೆ ಕಲ್ಲಿನ ಮೇಲೆ ಕೂತಿತು. ಮುಚ್ಚಳ ಮುಚ್ಚಿದೆ. ಹತ್ತು ನಿಮಿಷದಲ್ಲಿ ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಚೀಸು ಗುಳ್ಳೆಗುಳ್ಳೆಯಾಗಿ ಕುದಿಯಿತು. ಆಚೆ ಮನೆಯಲ್ಲಿ ಮಾವ ಕೈ ತೊಳೆಯುವ ಸದ್ದು ಕೇಳಿಸಿತು.

ಮಾವ ಬಂದು ಕುರ್ಚಿಯಲ್ಲಿ ಕೂತರು. ಮೀಸೆಯಲ್ಲಿ ಸಾರಿತ್ತು. ಅಣ್ಣ ಕೈ ಕಟ್ಟಿಕೊಂಡು ತನ್ನ ಗೋಡೆಗೆ ಒರಗಿ ನಿಂತ. ನಾನು ಪಿಜ್ಜಾವನ್ನು ಕುಯ್ದು, ಎಲ್ಲಕ್ಕಿಂತ ದೊಡ್ಡದಾದ, ಚೀಸು ಹೆಚ್ಚಿದ್ದ ತುಂಡನ್ನು ಆರಿಸಿ ಮಾವನ ತಟ್ಟೆಗೆ ಇಟ್ಟೆ. ಎಂಟು ತುಂಡುಗಳಿದ್ದವು, ಆರಿಸಿದ್ದು ನಾನೇ.

ನಮ್ಮ ಕಡೆಯ ಮುದುಕರು ರೊಟ್ಟಿಯನ್ನು ಹಾಗೇ ತಿನ್ನುವುದಿಲ್ಲ. ಮಗುಚಿ, ಬೆನ್ನು ಬೆಂದಿದೆಯೇ ಎಂದು ನೋಡಿಯೇ ಬಾಯಿಗಿಡುತ್ತಾರೆ. ಮಾವ ತುಂಡನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ಕೆಳಗಿನಿಂದ ನೋಡಿದರು. ಚೀಸು ಇಳಿದು ಪಂಚೆಯ ಮೇಲೆ ಬಿತ್ತು. ಅವರು ಅದನ್ನು ಗಮನಿಸಲಿಲ್ಲ.

“ಇದೇನ್ಲಾ ಇದು?”

ಕಂದಾಗಿ ಬೆಂದ ಬೆನ್ನಿನ ಮೇಲೆ, ಉಬ್ಬಿಕೊಂಡು, ಬೆಳ್ಳಗೆ, ನಾಲ್ಕು ಬೆರಳು ಅಗಲದ ಕೂಡಿಸುವ ಗುರುತು.

ಅಣ್ಣ ಕಟ್ಟಿದ ಕೈ ಬಿಚ್ಚಿದ. “ಮಾವ, ಒಲೆ ಮುಚ್ಚಳ ತೆಗೆಸು.”

“ಕಲ್ಲಿಗೆ ನೀರು ಹುಯ್ಯಮ್ಮ, ನೋಡಾನ” ಎಂದರು ಮಾವ. ಹೆಂಡತಿ ಚೊಂಬಿನ ನೀರು ಹುಯ್ದಳು. ಬುಸ್ಸೆಂದು ಹಬೆ ಎದ್ದಿತು, ಹಿಂದೆಯೇ ಟಪ್ ಎಂಬ ಸದ್ದು. ಹಬೆ ಕರಗಿದಾಗ ಹಿಟ್ಟೆಲ್ಲ ತೊಳೆದುಹೋಗಿ ಗುರುತು ಚೊಕ್ಕವಾಗಿ ಕಾಣುತ್ತಿತ್ತು. ಕಲ್ಲು ಎರಡು ಹೋಳಾಗಿತ್ತು. ಉಳಿ ಬಿದ್ದ ಕಡೆಯೇ ಕಲ್ಲಿಗೆ ಬಲ ಕಡಿಮೆ. ಬಿರುಕು ಗುರುತಿನ ಉದ್ದಗೆರೆಯನ್ನೇ ಹಿಡಿದು ಹೋಗಿತ್ತು.

“ನಾನೇ ನಿಂತು ಹೊಡೆಸಿದ್ದ ಗುರುತು” ಎಂದರು ಮಾವ. “ಎಂಟು ವರ್ಷ ಅಣ್ಣನ್ನ ಕಳ್ಳ ಕಳ್ಳ ಅಂದೆ. ಕಳ್ಳಮಾಲು ನಿನ್ನ ಒಲೆ ಮೇಲೈತೆ.”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಸೆರಗಿನಿಂದ ಕೈ ಒರೆಸುತ್ತಿದ್ದಳು. “ಪೈಪು ಹಾಕೋವಾಗ ಮಣ್ಣಿನ ಗುಡ್ಡೆ ಮೇಲೆ ಬಿದ್ದಿತ್ತು ಮಾವ. ಸಪಾಟಾಗಿದೆ ಅಂತ ಉರುಳಿಸ್ಕೊಂಡು ಬಂದು ನಲ್ಲಿ ಕೆಳಗೆ ಹಾಕ್ಕೊಂಡೆ. ಗುರುತು ಗಿರುತು ನೋಡ್ಲಿಲ್ಲ, ಮಣ್ಣು ಮೆತ್ಕೊಂಡಿತ್ತು.”

“ಎಂಟು ವರ್ಷದಲ್ಲಿ ಒಂದ್ ಸಲ ಹೇಳಬಾರದಾಗಿತ್ತೇನೇ?” ಎಂದೆ.

“ನೀವು ಗಡಿ ಕಲ್ಲು ಕಾಣೆಯಾಯ್ತು ಅಂತ ಕೂಗಾಡಿದ್ರಿ. ಇದು ಪಾತ್ರೆ ಕಲ್ಲಲ್ವಾ?”

ಆ ಕಲ್ಲಿನ ಮೇಲೆ ತೊಳೆದ ತಟ್ಟೆಯಲ್ಲಿ ದಿನಕ್ಕೆರಡು ಹೊತ್ತು ಉಂಡು, ಆ ಶಕ್ತಿಯಿಂದಲೇ ನಾನು ಅಣ್ಣನನ್ನು ಬೈದಿದ್ದೆ.

“ಮಾವ, ಕಲ್ಲು ಸಿಕ್ತಲ್ಲ, ಗಡಿ ಮೊದಲಿದ್ದ ಕಡೆಗೇ ಇಡಿಸು” ಎಂದು ಕೊನೆಯ ಪ್ರಯತ್ನ ಮಾಡಿದೆ.

“ಕಲ್ಲು ಸಿಕ್ತು. ಜಾಗ ಎಲ್ಲಿ ಸಿಕ್ತು? ಗುಡ್ಡೆ ಮೇಲಿಂದ ತಂದೆ ಅಂತಾಳಲ್ಲ ನಿನ್ನ ಹೆಂಡ್ರು. ನನಗೂ ವಯಸ್ಸಾಯ್ತು, ಅಂಗುಲ ಎಲ್ಲಾ ಗ್ಯಾನ ಇಲ್ಲ.” ಮಾವ ತುಂಡಿನ ಮೂಲೆಯನ್ನು ಬಾಯಿಗಿಟ್ಟುಕೊಂಡು ಒಸಡಿನಲ್ಲಿ ನಿಧಾನವಾಗಿ ಅರೆದರು. ನಾವು ಮೂವರೂ ಕಾದೆವು. “ನಿನ್ನ ಅಣ್ಣ ಮೊದಲಿಂದ ಒಂದೇ ಮಾತು ಹೇಳ್ತಾವ್ನೆ. ಮಣ್ಣಲ್ಲಿ ಬಂತು, ಯಾರೋ ಎತ್ಕೊಂಡು ಹೋದ್ರು ಅಂತ. ಅದು ದಿಟ ಆಯ್ತು. ಅದು ದಿಟ ಅಂದ್ಮೇಲೆ ಮೇಕೆ ಕಲ್ಲೂ ದಿಟ. ಗೆರೆ ಮೇಕೆ ಕಲ್ಲಿಗೇ ಹಾಕು.”

ಒಂದು ದಿಟದಿಂದ ಇನ್ನೊಂದು ದಿಟ ಹುಟ್ಟುವುದಿಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಒಪ್ಪಂದದ ಪ್ರಕಾರ ಮಾವ ಹೇಳಿದ್ದೇ ಗೆರೆ. ಅವರು ಇನ್ನೊಂದು ಚೂರು ಕೇಳಿದರು, ಕೊಟ್ಟೆ. ಚೆನ್ನಾಗೈತೆ ಎಂದರು.

ಆಗ ಅಣ್ಣ ಒಲೆಯ ಹತ್ತಿರ ಬಂದ. ಎಂಟು ವರ್ಷದ ನಂತರ ನನ್ನ ಕಣ್ಣಿಗೆ ಕಣ್ಣಿಟ್ಟು, ನಾಯಿಯ ಮಧ್ಯಸ್ಥಿಕೆ ಇಲ್ಲದೆ, ಮೊದಲ ಮಾತಾಡಿದ.

“ಅದ್ರಲ್ಲೂ ನನ್ ಪಾಲು ಕೊಡು.”

ಪಿಜ್ಜಾ ಕೇಳುತ್ತಿದ್ದಾನೆ ಎಂದುಕೊಂಡು ತಟ್ಟೆ ಚಾಚಿದೆ. ಅವನಿಗೆ ಬೇಕಾಗಿದ್ದದ್ದು ಕಲ್ಲು. ದೊಡ್ಡ ಹೋಳು ಹಿರಿಯವನಿಗೆ ಎಂದು ಮಾವ ಬಾಯಿ ತುಂಬಿಕೊಂಡೇ ತೀರ್ಪಿತ್ತರು. ಅಣ್ಣ ಅದನ್ನು ಎರಡು ಗೋಣಿಚೀಲದಲ್ಲಿ ಹಿಡಿದು, ಬಿಸಿ ಬಿಸಿಯಾಗಿಯೇ ಹೊತ್ತುಕೊಂಡು ಹೋದ.

ಗೋಡೆ ಎದ್ದಿತು. ತನ್ನ ಹೋಳನ್ನು ಅವನು ಗೋಡೆಯ ತುದಿಯಲ್ಲಿ, ಗುರುತು ನನ್ನ ಕಡೆಗೆ ಕಾಣುವಂತೆ ಕೂರಿಸಿದ. ನನ್ನ ಸ್ಕೂಟರು ಮಾರಿಹೋಯಿತು. ಡ್ರಮ್ ಒಲೆ ಮಾತ್ರ ಹಿತ್ತಲಲ್ಲೇ ಸಿಕ್ಕಿಕೊಂಡಿದೆ. ಅಗಲವಾಗಿ ಬೆಸೆದ ಕಾಲುಗಳು ಈಗಿನ ಓಣಿಯಲ್ಲಿ ಹಿಡಿಯುವುದಿಲ್ಲ, ಕತ್ತರಿಸಲು ನನಗೆ ಮನಸ್ಸಿಲ್ಲ. ಗಾಳಿ ಅವನ ಕಡೆಗೆ ಬೀಸುವ ಭಾನುವಾರಗಳನ್ನು ನೋಡಿಕೊಂಡು ಒಲೆ ಹಚ್ಚುತ್ತೇನೆ. ನನ್ನ ಪಾಲಿನ ಚಿಕ್ಕ ಹೋಳಿನ ಮೇಲೆ ಪೂರಾ ದುಂಡಗಿನ ಪಿಜ್ಜಾ ಕೂರುವುದಿಲ್ಲ. ಕರ್ಜಿಕಾಯಿಯ ಹಾಗೆ ಅರ್ಧ ಚಂದ್ರ ಮಾಡುತ್ತೇವೆ. ವಾಸನೆ ಹೋದ ಮನೆಗೆ ತಟ್ಟೆಯೂ ಹೋಗಬೇಕು ಎಂಬುದು ಹೆಂಡತಿಯ ಶಾಸ್ತ್ರ. ಅವಳೇ ಗೋಡೆಯ ಮೇಲಿಂದ ಅತ್ತಿಗೆಗೆ ಕೊಡುತ್ತಾಳೆ. ಖಾಲಿ ತಟ್ಟೆ ಹಿಂತಿರುಗಿಸಬಾರದು ಎಂಬುದು ಅತ್ತಿಗೆಯ ಶಾಸ್ತ್ರ. ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಾರೆ.

ಬಿರುಕು ಉದ್ದಗೆರೆಯನ್ನು ನುಂಗಿದ್ದರಿಂದ ನನ್ನ ಹೋಳಿನಲ್ಲಿ ಉಳಿದಿರುವುದು ಒಂದೇ ಒಂದು ಅಡ್ಡಗೆರೆ. ಪ್ರತಿ ಪಿಜ್ಜಾದ ಬೆನ್ನಿನ ಮೇಲೂ ಅದು ಬೆಳ್ಳಗೆ, ಸ್ಪಷ್ಟವಾಗಿ ಮೂಡುತ್ತದೆ: ಕಳೆಯುವ ಗುರುತು. ಅಣ್ಣ ತುಂಡನ್ನು ಮಗುಚಿ ನೋಡದೆ ತಿನ್ನುವುದಿಲ್ಲ. ನೋಡಿದ ತಕ್ಷಣ ಅವನು ನಗುವುದು ಗೋಡೆಯ ಈಚೆಗೆ ಕೇಳಿಸುತ್ತದೆ. ಕೇಳಿಸಲಿ ಎಂದೇ ನಗುತ್ತಾನೆ.