ಕುರಿಯ ಮುಖಕ್ಕೆ ಬಳಿದ ನೀಲಿ

ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮನೆಯವರು ಟರ್ಕಿ ಕೋಳಿ ಸಾಕಿದ್ದಾರೆ. ವಿದ್ಯಾನಗರದಿಂದ ಬೆಳಗಿನ ವಾಕಿಂಗಿಗೆ ಹೊರಟ ನಾನು ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ಅದು ಕತ್ತು ಚಾಚಿ ನನ್ನನ್ನೇ ದಿಟ್ಟಿಸುತ್ತದೆ. ಅದರ ಮುಖ ನೀಲಿ. ಈಗೀಗ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಮಹಾಶಯರು ಕೋಳಿಗೆ ಹೆದರುತ್ತಾರೆ ಎಂದು ನನ್ನ ಹೆಂಡತಿ ನಗುತ್ತಾಳೆ. ಕೋಳಿಯ ಭಯ ನನಗಿಲ್ಲ. ಆ ಬಣ್ಣವನ್ನು ಮಾತ್ರ ನೋಡಲಾರೆ. ಯಾಕೆಂದು ನಿಮ್ಮೊಬ್ಬರಿಗೆ ಹೇಳುತ್ತೇನೆ.

ಮೊದಲು ಸ್ವಲ್ಪ ಪಾಠ. ಹಳೆಯ ಚಟ, ಸಹಿಸಿಕೊಳ್ಳಿ. ಪ್ರಾಣಿಗಳ ಮುಖದಲ್ಲಿ ನೀಲಿ ಬಹಳ ಅಪರೂಪ. ಟರ್ಕಿ ಕೋಳಿಗಿದೆ, ಗಿನಿ ಕೋಳಿಗಿದೆ, ಆಫ್ರಿಕಾದ ಒಂದು ಜಾತಿಯ ಕೋತಿಗಿದೆ. ನಮ್ಮ ಆನಗೋಡಿನ ಕಡೆಯ ಕುರುಚಲು ಗಿಡಗಳಲ್ಲಿ ಕೋಗಿಲೆಯ ನೆಂಟನಾದ ಉದ್ದ ಬಾಲದ ಹಕ್ಕಿಯೊಂದಿದೆ, ಕಣ್ಣಿನ ಸುತ್ತ ನೀಲಿ ಕಾಡಿಗೆ ಹಚ್ಚಿಕೊಂಡಂತೆ ಕಾಣುತ್ತದೆ. ತಮಾಷೆಯೆಂದರೆ ಆ ಟರ್ಕಿಯ ಚರ್ಮವನ್ನಾಗಲಿ ಕೋತಿಯ ಚರ್ಮವನ್ನಾಗಲಿ ಅರೆದರೆ ಚಿಟಿಕೆ ನೀಲಿಯೂ ಸಿಗುವುದಿಲ್ಲ. ಚರ್ಮದೊಳಗಿನ ಸಣ್ಣ ಎಳೆಗಳಿಗೆ ಬೆಳಕು ತಾಗಿ ಚದುರಿ ನೀಲಿಯಾಗಿ ನಮ್ಮ ಕಣ್ಣಿಗೆ ಬರುತ್ತದೆ, ಅಷ್ಟೆ. ಇನ್ನು ಹಾಲಾಹಲ ಕುಡಿದ ಶಿವನಿಗೂ ನೀಲಿಯಾದದ್ದು ಕೊರಳು ಮಾತ್ರ. ಪಾರ್ವತಿ ಸಮಯಕ್ಕೆ ಸರಿಯಾಗಿ ಕತ್ತು ಹಿಡಿದಳಂತೆ. ಹಿಡಿಯುವುದು ತಡವಾಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಹರಿಹರದ ಗುಡಿಯಲ್ಲಿ ಎಷ್ಟು ಸಲ ಕೈಮುಗಿದರೂ ನನಗೆ ಬಂದಿರಲಿಲ್ಲ.

ಇಂಗ್ಲೆಂಡಿನಲ್ಲಿ ನೀಲಿ ಮುಖದ ಕುರಿಯ ತಳಿಯೂ ಒಂದಿದೆ. ಬಿಳಿ ಕೂದಲಿನ ಅಡಿಯ ಕಪ್ಪು ಚರ್ಮ ನೀಲಿಯಾಗಿ ಕಾಣುತ್ತದೆ, ಉಣ್ಣೆಯೋ ಬಲು ನಯ. ಅದರ ಫೋಟೋ ಹೋದ ವರ್ಷಕ್ಕೆ ಹಿಂದಿನ ವರ್ಷ ನನ್ನ ಮೊಬೈಲಿಗೆ ಬಂತು. ಅಲ್ಲಿಂದ ನನ್ನ ತಲೆ ಕೆಟ್ಟಿತು.

ಹರಿಹರದ ಹತ್ತಿರ ಹೊಳೆಯ ಕಡೆ ನಮ್ಮದು ಸ್ವಲ್ಪ ಗದ್ದೆ ಇದೆ. ಭತ್ತ ಕೊಯ್ದ ಮೇಲೆ ಆನಗೋಡಿನ ಕಡೆಯಿಂದ ಕೆಂಚಪ್ಪ ಕುರಿಮಂದೆ ಹೊಡೆದುಕೊಂಡು ಬಂದು ಎಂಟು ಹತ್ತು ದಿನ ಅಲ್ಲಿ ನಿಲ್ಲಿಸುತ್ತಾನೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಜೊತೆಗೆ ಬರುವ ಅವನ ಹೆಂಡತಿ ಗಂಗವ್ವ ಉಣ್ಣೆ ನೂಲುತ್ತಾಳೆ, ಊರಿಗೆ ಹೋಗಿ ಕಂಬಳಿ ನೇಯಿಸುತ್ತಾಳೆ. ಆ ಬಯಲಿಗೆ ನಾಲ್ಕಾರು ಮಂದೆಗಳು ಬರುವುದರಿಂದ, ಒಂದಕ್ಕೊಂದು ಕಲೆತರೆ ಗುರುತು ಸಿಗಲೆಂದು ಎಲ್ಲರೂ ತಮ್ಮ ಕುರಿಗೆ ಬಣ್ಣ ಹಾಕಿರುತ್ತಾರೆ. ಕೆಂಚಪ್ಪನದು ಬೆನ್ನ ಮೇಲೊಂದು ಕೆಂಪು ಪಟ್ಟೆ. ಗಂಗವ್ವನಿಗೆ ಅದೇ ತಕರಾರು.

"ಈ ಕೆಂಪು ಎಷ್ಟು ತೊಳದ್ರೂ ಹೋಗಲ್ರಿ ಸಾರ್. ಕಂಬಳಿ ತುಂಬ ಕಲೆ ಆಗ್ತೈತೆ."

ಉಪದೇಶ ಕೊಡಲು ಕಾದು ಕುಳಿತವನಿಗೆ ಇಷ್ಟು ಸಾಕಾಯಿತು. "ಬೆನ್ನಿಗ್ಯಾಕ ಹಚ್ತೀಯಪ್ಪ? ಮಕಕ್ಕೆ ಹಚ್ಚು. ಅಲ್ಲಿ ಉಣ್ಣೆನೇ ಇಲ್ಲಲ್ಲ" ಎಂದೆ. ಸುಣ್ಣಕ್ಕೆ ಬೆರೆಸಲು ತಂದು ಮನೆಯಲ್ಲಿ ಉಳಿದಿದ್ದ ನೀಲಿ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಸ್ಕೂಟರಿನಲ್ಲಿ ನಾನೇ ಒಯ್ದು ಕೊಟ್ಟೆ.

ಕೆಂಚಪ್ಪ ಡಬ್ಬಿಯೊಳಗೆ ಇಣುಕಿ ತಲೆ ಕೆರೆದುಕೊಂಡ. "ಮಕಕ್ಕೆ ಯಾರೂ ಹಚ್ಚಲ್ರಿ. ಆದ್ರೂ ಓದಿದೋರು ನೀವು ಹೇಳ್ತೀರಿ ಅಂದ್ರೆ ಹಚ್ಚಾನ ಬಿಡ್ರಿ."

ಕತ್ತರಿಸಿದ ಮೇಲೆ ಹೊಸದಾಗಿ ಬೆಳೆದ ಉಣ್ಣೆಗೆ ಆ ಸಲ ಕೆಂಪು ಪಟ್ಟೆ ಇನ್ನೂ ಹಾಕಿರಲಿಲ್ಲ, ಮುಖಕ್ಕೇ ಹಚ್ಚಿದ. ಮೂತಿ, ಕೆನ್ನೆ ಎಲ್ಲ ನೀಲಿಯಾದ ಮಂದೆ ಸಾಲಾಗಿ ನಿಂತು ನನ್ನನ್ನು ನೋಡಿತು. ಎಲ್ಲಕ್ಕಿಂತ ಮುಂದೆ ಗೌರಿ. ತಾಯಿ ಸತ್ತ ಮರಿಯೆಂದು ಗಂಗವ್ವ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕುರಿ ಅದು. ಅದು ನಡೆದರೆ ಮಂದೆ ನಡೆಯುತ್ತಿತ್ತು. ನಾನು ಫೋಟೋ ತೆಗೆದು ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಕಳಿಸಿದೆ. ಹೊಗಳಿಕೆ ಬಂತು. ಅವತ್ತು ಊಟ ರುಚಿಯಾಗಿತ್ತು ಎಂದು ನೆನಪಿದೆ.

ಐದನೆಯ ದಿನ ಕೆಂಚಪ್ಪ ಫೋನ್ ಮಾಡಿದ. "ಸಾರ್, ಎರಡು ಮೂರು ಕುರಿ ಜೊಲ್ಲು ಸುರಸ್ತಾವೆ. ನಿಮ್ಮ ಬಣ್ಣ ನೆಕ್ಕ್ಯಾವೇನೋ ಅನಸ್ತೈತೆ. ಡಾಕ್ಟರ್ನ ಕರಸ್ಲೇನ್ರಿ?"

ನನ್ನ ಬಣ್ಣಕ್ಕೆ ಡಾಕ್ಟರೇ? "ಬ್ಯಾಡಪ್ಪ, ಅದರಾಗೇನೂ ವಿಷ ಇಲ್ಲ. ಎರಡು ದಿನ ನೋಡು, ತಾನೇ ಹೋಗ್ತೈತೆ" ಎಂದೆ. ತರಗತಿಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದೆ. ಅವನು ನಂಬಿದ.

ಫೋನ್ ಬಂದ ಮೂರನೆಯ ದಿನ ನಾನು ಹೋದಾಗ ಗೌರಿ ಮಲಗಿತ್ತು. ಗಂಗವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಬಟ್ಟೆಯಿಂದ ಮುಖ ಒರೆಸುತ್ತಿದ್ದಳು. ಕೆನ್ನೆಯ ನೀಲಿ ಹೋಯಿತು. ಮೂತಿಯದೂ ಹೋಯಿತು, ಕೆಳಗೆ ಬಾತುಕೊಂಡ ತುಟಿ ಕಂಡಿತು. ಬಾಯಿ ಬಿಡಿಸಿದಳು. ನಾಲಗೆಯ ನೀಲಿ ಮಾತ್ರ ಎಷ್ಟು ಒರೆಸಿದರೂ ಹೋಗಲಿಲ್ಲ.

ನೀಲಿ ನಾಲಗೆ ರೋಗ. ಮಳೆಗಾಲ ಕಳೆದ ದಿನಗಳಲ್ಲಿ ಸಣ್ಣ ನೊಣಗಳು ಕುರಿಯಿಂದ ಕುರಿಗೆ ಹರಡುವ ಈ ಕಾಯಿಲೆಯ ಹೆಸರನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವನು ನಾನು. ಜೊಲ್ಲು, ಬಾವು, ನೀಲಿಯಾಗುವ ಬಾಯಿ ಎಂದು ಹುಡುಗರ ಕೈಲಿ ಬಾಯಿಪಾಠ ಮಾಡಿಸಿದವನೂ ನಾನೇ. ಅದೇ ಮುಖಕ್ಕೆ ನೀಲಿ ಬಳಿಸಿ, ರೋಗ ಬಂದು ಕುಳಿತರೂ ಕಾಣದಂತೆ ಮಾಡಿದ್ದೆ.

ಪಶುವೈದ್ಯರು ಅವತ್ತೇ ಬಂದರು. ನರಳುವ ಕುರಿಗಳನ್ನು ಬೇರೆ ಕಟ್ಟಿಸಿದರು, ಬಾಯಿ ತೊಳೆದು ಔಷಧಿ ಹಾಕಿದರು, ಗಂಜಿ ಕುಡಿಸಲು ಹೇಳಿದರು. ಮೂರು ದಿನ ಮೊದಲೇ ಕರೆದಿದ್ದರೆ ಎಂದು ಅವರನ್ನು ಒಂದು ಬದಿಗೆ ಕರೆದು ಕೇಳಿದೆ. "ಎಲ್ಲಾ ಅಂತ ಹೇಳಕ್ಕಾಗಲ್ಲ ಸಾರ್. ಕೆಲವು ಉಳೀತಿದ್ವು."

ಹನ್ನೊಂದು ಸತ್ತವು. ಗೌರಿಯೂ ಹೋಯಿತು. ಅದಕ್ಕೆಂದು ತಂದ ಗಂಜಿಯನ್ನು ಗಂಗವ್ವ ಪಕ್ಕದ ಕುರಿಗೆ ಕುಡಿಸಿದಳು. ಬದುಕಿದ ಕುರಿಗಳಿಗೂ ಆ ಜ್ವರದ ಕಾವಿಗೆ ಮೈಮೇಲಿನ ಉಣ್ಣೆ ಕಿತ್ತು ಕಿತ್ತು ಉದುರಿತು. ಒಂದು ಕಲೆಯೂ ಇಲ್ಲದ ಉಣ್ಣೆ ನಮ್ಮ ಗದ್ದೆಯ ತುಂಬ ಹಾರಾಡಿತು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೆಂಚಪ್ಪನೇ ನನ್ನನ್ನು ಸಮಾಧಾನ ಮಾಡಿದ. "ರೋಗ ನೀವು ತಂದ್ರೇನ್ರಿ? ಬಿಡ್ರಿ ಸಾರ್." ಬೈದಿದ್ದರೆ ನನಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು.

ಮರುವರ್ಷ ಅವರು ಬೇರೆ ಯಾರದೋ ಗದ್ದೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಬಂದರು. ನಾನು ಬದುವಿನ ಮೇಲೆ, ಹತ್ತಿರ ಹೋಗಲೋ ಬೇಡವೋ ಎಂದು ನಿಂತಿದ್ದೆ. ಮಂದೆ ಚಿಕ್ಕದಾಗಿತ್ತು. ಬೆನ್ನ ಮೇಲೆ ಕೆಂಪು ಪಟ್ಟೆ, ಮುಖಗಳು ಬರಿದು. ಪ್ರತಿ ಕುರಿಯ ಮೂತಿಯನ್ನೂ ನಾನು ದೂರದಿಂದಲೇ ನೋಡಿದೆ. ಗಂಗವ್ವ ತಾನೇ ಬಂದು ಒಂದು ಕಂಬಳಿಯನ್ನು ನನ್ನ ಕೈಗಿಟ್ಟಳು. ಅದರ ಒಂದು ಅಂಚಿನಲ್ಲಿ ಅಂಗೈಯಗಲ ಕೆಂಪು ಕಲೆ ಇತ್ತು.

"ಹೋಗ್ಲಿಲ್ರಿ ಸಾರ್, ತೊಳದೆ. ಇರ್ಲಿ ಬಿಡ್ರಿ. ಕಂಬಳಿಗೆ ಕಲೆ ಆದ್ರೆ ಆಗ್ಲಿ, ಕುರಿ ಮಕ ಕಾಣಬೇಕ್ರಿ."

ಆ ಕಂಬಳಿ ಈಗ ನಮ್ಮ ಹಜಾರದ ಕುರ್ಚಿಯ ಮೇಲಿದೆ. ಯಾರಾದರೂ ಬರುವ ಸುಳಿವು ಸಿಕ್ಕರೆ ನನ್ನ ಹೆಂಡತಿ ಕಲೆ ಒಳಗೆ ಹೋಗುವ ಹಾಗೆ ಅದನ್ನು ಮಡಚಿಡುತ್ತಾಳೆ. ಅವಳು ಟೀ ತರಲು ಒಳಗೆ ಹೋದಾಗ ನಾನು ಎದ್ದು, ಬಿಚ್ಚಿ, ಕಲೆ ಮೇಲೆ ಬರುವ ಹಾಗೆ ಮತ್ತೆ ಮಡಚುತ್ತೇನೆ.